ಹರ್ಮೀಸನ ಗುಹ್ಯವಿದ್ಯೆಯೂ ಶರಣರ ಬೆಡಗೂ

ಅನುಭಾವವು ಮಾತಿಗೆ ಇಳಿಯುವಾಗ ಒಂದು ಇಕ್ಕಟ್ಟು ತಪ್ಪದೆ ಒದಗುತ್ತದೆ. ಕಂಡುದನ್ನು ನೇರವಾಗಿ ಹೇಳಹೋದರೆ ಅದು ಬರಿಯ ಮಾತಾಗಿ ಉಳಿಯುತ್ತದೆ. ಹೇಳದೆ ಬಿಟ್ಟರೆ ಪರರಿಗೆ ದಕ್ಕದೆ ಹೋಗುತ್ತದೆ. ಅಲ್ಲಮಪ್ರಭುದೇವರ ಬೆಡಗಿನ ವಚನಗಳು ಈ ಇಕ್ಕಟ್ಟಿನಿಂದ ಹುಟ್ಟಿದವು. ಪಾಶ್ಚಾತ್ಯ ಜಗತ್ತಿನಲ್ಲಿ ಹರ್ಮೀಸ್ ತ್ರಿಸ್ಮೆಗಿಸ್ಟಸ್, ಎಂದರೆ ಮುಮ್ಮಡಿ ಮಹಿಮನಾದ ಹರ್ಮೀಸ್, ಎಂಬ ಪುರಾಣಪುರುಷನ ಹೆಸರಿನಲ್ಲಿ ಹರಿದುಬಂದ ಗ್ರಂಥಗಳೂ ಇದೇ ಇಕ್ಕಟ್ಟನ್ನು ಎದುರಿಸಿದವು. ಮೇಲುನೋಟದ ಈ ಸಾಮ್ಯವನ್ನು ಹಿಡಿದು, ಬೆಡಗು ಕೂಡ ದೀಕ್ಷಿತರಿಗೆ ಮಾತ್ರ ಮೀಸಲಾದ ಒಂದು ಗುಪ್ತ ಸಂಕೇತವೆಂದು ಓದುವ ಪ್ರವೃತ್ತಿ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಆಗಾಗ ತಲೆದೋರುತ್ತದೆ. ಈ ಓದು ಎಷ್ಟರಮಟ್ಟಿಗೆ ಸಾಧು ಎಂಬುದು ವಿಚಾರಾರ್ಹವಾದುದು. ಏಕೆಂದರೆ ಇದರಲ್ಲಿ ಪಣವಾಗಿರುವುದು ಒಂದು ಶೈಲಿಯ ಹೆಸರಲ್ಲ, ಶರಣಧರ್ಮದ ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆ.

ಹರ್ಮೀಸನ ಗ್ರಂಥಗಳ ಚರಿತ್ರೆಯನ್ನು ಮೊದಲು ಅರಿಯಬೇಕು. ಇವು ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಈಜಿಪ್ಟ್ ದೇಶದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ಗುರುಶಿಷ್ಯ ಸಂವಾದಗಳು. ಕ್ರಿ.ಶ. ೧೪೬೩ರಲ್ಲಿ ಫ್ಲಾರೆನ್ಸಿನ ಕೊಸಿಮೊ ದೆ ಮೆಡಿಚಿಯ ಆಶ್ರಯದಲ್ಲಿ ಮಾರ್ಸಿಲಿಯೊ ಫಿಚಿನೊ ಎಂಬ ಪಂಡಿತನು ಇವುಗಳನ್ನು ಲ್ಯಾಟಿನ್ನಿಗೆ ತಂದಾಗ, ಇವು ಮೋಸೆಸನ ಕಾಲದಷ್ಟು ಪ್ರಾಚೀನವೆಂದು ಯುರೋಪು ನಂಬಿತ್ತು. ೧೬೧೪ರಲ್ಲಿ ಐಸಾಕ್ ಕ್ಯಾಸಬೋನನು ಭಾಷೆಯ ಲಕ್ಷಣಗಳನ್ನು ಪರೀಕ್ಷಿಸಿ ಆ ನಂಬುಗೆಯನ್ನು ಮುರಿದನು. ೧೯೪೫ರಲ್ಲಿ ಮೇಲಣ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ದೊರೆತ ಕಾಪ್ಟಿಕ್ ಹೊತ್ತಗೆಗಳಲ್ಲಿ ಅದುವರೆಗೆ ಅಜ್ಞಾತವಾಗಿದ್ದ ಒಂದು ಹರ್ಮೀಸ ಸಂವಾದವೂ ಇದ್ದಿತು. ಅರಬ್ಬೀ ವಿದ್ವಾಂಸರು ಹರ್ಮೀಸನನ್ನು ಪ್ರವಾದಿ ಇದ್ರೀಸರೊಡನೆ ಒಂದುಗೂಡಿಸಿಕೊಂಡರು. ರಸವಾದದ ಬೀಜಸೂತ್ರವೆನಿಸಿದ 'ಪಚ್ಚೆಯ ಫಲಕ'ವೂ ಮೊದಲು ಕಾಣಿಸಿದ್ದು ಅರಬ್ಬಿಯಲ್ಲಿಯೇ. ಅನುಭಾವದ ಮಾತು ಮತಗಳ ಗಡಿಯನ್ನು ದಾಟುವುದು ಕಲಬುರಗಿಯವರಿಗೆ ಹೊಸತಲ್ಲ. ೧೪೨೨ರಲ್ಲಿ ನಿಧನರಾದ ಖ್ವಾಜಾ ಬಂದೇನವಾಜರ ದರ್ಗಾ, ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ದೇವಾಲಯ ಎರಡೂ ಒಂದೇ ಊರಿನಲ್ಲಿ ಭಕ್ತರನ್ನು ಸೆಳೆಯುತ್ತ ಬಂದಿವೆ.

ಸಾಮ್ಯಗಳು ಇಲ್ಲವೆನ್ನುವಂತಿಲ್ಲ. ಮೇಲಣ ಲೋಕಕ್ಕೂ ಕೆಳಗಣ ಲೋಕಕ್ಕೂ ಸಾದೃಶ್ಯವುಂಟೆಂಬ ಪಚ್ಚೆಯ ಫಲಕದ ತತ್ತ್ವವು ಪಿಂಡಾಂಡ ಬ್ರಹ್ಮಾಂಡಗಳ ಐಕ್ಯವನ್ನು ಬಲ್ಲ ನಮ್ಮ ಓದುಗರಿಗೆ ಅಪರಿಚಿತವಲ್ಲ. 'ಪೊಯ್‌ಮಾಂಡ್ರೆಸ್' ಎಂಬ ಮೊದಲ ಸಂವಾದದಲ್ಲಿ ಆತ್ಮವು ಏಳು ಗ್ರಹಮಂಡಲಗಳನ್ನು ಏರುತ್ತ, ಒಂದೊಂದರಲ್ಲಿಯೂ ಕಾಮ, ಅಹಂಕಾರ, ಧನದಾಸೆ, ಸುಳ್ಳು ಮೊದಲಾದ ಒಂದೊಂದು ದೋಷವನ್ನು ಮರಳಿಸಿ, ಹಗುರಾಗಿ ಎಂಟನೆಯ ನೆಲೆಯನ್ನು ಸೇರುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲದ ಏರುಹಾದಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡುವುದು ಸಹಜವೇ.

ಆದರೆ ಪಕ್ಕದಲ್ಲಿ ಇಟ್ಟಾಗಲೇ ಭೇದವು ಸ್ಫುಟವಾಗುತ್ತದೆ. ಪೊಯ್‌ಮಾಂಡ್ರೆಸಿನ ಏರಿಕೆ ದೇಹವು ಬಿದ್ದ ಬಳಿಕ ನಡೆಯುವಂಥದು. ಏಳನೆಯ ಸಂವಾದವಂತೂ ದೇಹವನ್ನು ಅಜ್ಞಾನದ ಹೊದಿಕೆಯೆಂದು ಹಳಿಯುತ್ತದೆ. ಷಟ್‌ಸ್ಥಲದ ಸಾಧನೆ ಈ ದೇಹದಲ್ಲಿಯೇ, ಅಂಗೈಯ ಇಷ್ಟಲಿಂಗದೆದುರಿನಲ್ಲಿಯೇ ಆಗಬೇಕಾದುದು. ದೇಹವನ್ನು ದೇಗುಲವಾಗಿ ಕಂಡ ಬಸವಣ್ಣನವರಿಗೆ ಅದನ್ನು ಕಳಚಿ ಎಸೆಯುವ ಆತುರವಿಲ್ಲ; ಅದರ ದುಡಿಮೆ ಕಾಯಕವಾಗಬೇಕು, ಅದರ ಫಲ ದಾಸೋಹವಾಗಬೇಕು. ಕೃಷಿಯನ್ನೂ ದಾಸೋಹವನ್ನೂ ಬೇರೆಬೇರೆಯೆಂದು ತಿಳಿಯದ ಶರಣಬಸವೇಶ್ವರರ ಬಾಳು ಈ ತತ್ತ್ವಕ್ಕೆ ಬರೆದ ವ್ಯಾಖ್ಯಾನವೆಂದರೆ ಅತಿಶಯೋಕ್ತಿಯಾಗದು. ಹರ್ಮೀಸನ ಗ್ರಂಥಗಳೆಲ್ಲ ಒಂದೇ ದನಿಯಲ್ಲಿ ನುಡಿಯುವುದಿಲ್ಲವೆಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. 'ಅಸ್ಕ್ಲೇಪಿಯಸ್' ಎಂಬ ಗ್ರಂಥವು ಮನುಷ್ಯನನ್ನು ಮಹಾ ಆಶ್ಚರ್ಯವೆಂದು ಕೊಂಡಾಡಿ, ಭೂಮಿಯ ಆರೈಕೆಯನ್ನು ಅವನ ಧರ್ಮವಾಗಿಯೇ ಎಣಿಸಿದೆ. ಹದಿಮೂರನೆಯ ಸಂವಾದದಲ್ಲಿ ಶಿಷ್ಯನು ಬದುಕಿರುವಾಗಲೇ ಮರುಹುಟ್ಟು ಪಡೆಯುತ್ತಾನೆ. ಹನ್ನೆರಡು ಕಾಟಗಳನ್ನು ಹತ್ತು ದಿವ್ಯಶಕ್ತಿಗಳು ಅವನಿಂದ ಓಡಿಸುತ್ತವೆ. ಶರಣರ ನಿಲವಿಗೆ ಅತ್ಯಂತ ಸಮೀಪದ ಮಾತು ಇದು. ಆದರೆ ಇದೇ ಸಂವಾದವು ಕೊನೆಯಲ್ಲಿ ಶಿಷ್ಯನಿಗೆ ಮೌನವನ್ನು ವಿಧಿಸುತ್ತದೆ. ಕಂಡುದನ್ನು ಜನಸಾಮಾನ್ಯರಿಗೆ ತಿಳಿಸಕೂಡದು. ಅರಿವಿನಲ್ಲಿ ಎಲ್ಲಿ ಹತ್ತಿರವೋ ಹಂಚುವಿಕೆಯಲ್ಲಿ ಅಲ್ಲಿಯೇ ದೂರ.

ಎರಡನೆಯ ಭೇದವು ಸಿದ್ಧಿಗೆ ಸಂಬಂಧಿಸಿದ್ದು. ಹರ್ಮೀಸನ ಹೆಸರು ರಸವಾದಕ್ಕೆ ಅಂಟಿಕೊಂಡಂತೆ ನಮ್ಮಲ್ಲಿ ಸಿದ್ಧರ ಪರಂಪರೆಗೂ ಅದು ಅಂಟಿಕೊಂಡಿತ್ತು. ಶೂನ್ಯಸಂಪಾದನೆಯ ಗೋರಕ್ಷ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಗೋರಕ್ಷನ ಮೈಗೆ ತಾಗಿದ ಕತ್ತಿ ಖಣಿಲೆಂದು ಸದ್ದು ಮಾಡಿ ಹಿಮ್ಮೆಟ್ಟುತ್ತದೆ. ಪ್ರಭುವಿನ ಮೈಯಲ್ಲಿ ಅದೇ ಕತ್ತಿ ಬಯಲಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಒಬ್ಬನು ದೇಹವನ್ನು ವಜ್ರವಾಗಿಸಿಕೊಂಡು ಅದರಲ್ಲಿಯೇ ಸಿಕ್ಕಿಬಿದ್ದನು. ಮತ್ತೊಬ್ಬನು ದೇಹದಲ್ಲಿದ್ದೂ ಬಯಲಾದನು. ಲೋಹವನ್ನು ಚಿನ್ನವಾಗಿಸುವ ವಿದ್ಯೆಯೂ ದೇಹವನ್ನು ಸಾವಿಲ್ಲದಾಗಿಸುವ ವಿದ್ಯೆಯೂ 'ನಾನು' ಎಂಬುದನ್ನು ಕರಗಿಸದಿದ್ದರೆ ಅಧ್ಯಾತ್ಮವೆನಿಸಿಕೊಳ್ಳಲಾರವು ಎಂಬುದೇ ಈ ಕಥೆಯ ತಿರುಳು. ಯುರೋಪಿನ ರಸವಾದಿಗಳಲ್ಲಿಯೂ ಚಿನ್ನವನ್ನು ಆತ್ಮಶುದ್ಧಿಯ ರೂಪಕವಾಗಿ ತಿಳಿದವರಿದ್ದರು. ಅಂಥವರು ಈ ಪ್ರಸಂಗವನ್ನು ಓದಿದ್ದರೆ ತಲೆದೂಗುತ್ತಿದ್ದರು.

ಇನ್ನು ಬೆಡಗಿನ ವಿಚಾರ. ಬೆಡಗು ಕಠಿನವೆಂಬುದು ನಿಜ, ಮುಚ್ಚಿಟ್ಟದ್ದೆಂಬುದು ನಿಜವಲ್ಲ. ಮುಚ್ಚಿಡುವ ಉದ್ದೇಶವಿದ್ದವರು ಆಡುಗನ್ನಡದಲ್ಲಿ ಇರುವೆ, ಕಪ್ಪೆ, ಕೋಡಗ, ಬಾವಿ, ಮರಗಳನ್ನು ಹಿಡಿದು ಮಾತನಾಡುತ್ತಿರಲಿಲ್ಲ. ಹದಿನೈದನೆಯ ಶತಮಾನದ ವಿಜಯನಗರದ ಕಾಲದಲ್ಲಿ ಪ್ರಭುದೇವರ ವಚನಗಳಿಗೆ ಟೀಕೆಗಳು ಹುಟ್ಟಿದವು. ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಸಂಕಲಿಸಿ ವಚನಗಳಿಗೆ ಸಂವಾದದ ಸಂದರ್ಭವನ್ನು ಒದಗಿಸಿದನು. ಗುಟ್ಟನ್ನು ಕಾಪಾಡಬೇಕೆಂಬ ಸಮಾಜ ಟೀಕೆ ಬರೆಯುವುದಿಲ್ಲ. ೧೯೨೩ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದಾಗ ಅವರು ನಡೆಸಿದ್ದೂ ಇದೇ ಪರಂಪರೆಯನ್ನು. ಬೆಡಗಿನ ಗಂಟನ್ನು ಬಿಗಿದದ್ದು ಕೇಳುವವನ ಅಭ್ಯಾಸಬುದ್ಧಿಯನ್ನು ತಡೆದು ನಿಲ್ಲಿಸುವುದಕ್ಕೆ; ಅವನನ್ನು ಹೊರಗೆ ನಿಲ್ಲಿಸುವುದಕ್ಕಲ್ಲ.

ಇದಕ್ಕೆ ಜೀವಂತ ಸಾಕ್ಷಿ ಕಲಬುರಗಿ ಸೀಮೆಯ ತತ್ತ್ವಪದಗಳು. ಕಡಕೋಳ ಮಡಿವಾಳಪ್ಪನವರೂ ಅವರ ಶಿಷ್ಯವರ್ಗದ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬರೂ ಬೆಡಗಿನ ನುಡಿಯನ್ನು ಏಕತಾರಿಗೆ ಕಟ್ಟಿ ಹಾಡಿದರು. ಜಲಾಲಸಾಹೇಬರಂಥವರು ಆ ಶಿಷ್ಯಮಂಡಲಿಯಲ್ಲಿ ಇದ್ದುದೇ ಬಾಗಿಲು ತೆರೆದಿತ್ತೆಂಬುದಕ್ಕೆ ಪ್ರಮಾಣ. ಅಕ್ಷರ ಬಾರದವರೂ ಭಜನೆಯಲ್ಲಿ ಕುಳಿತು ಕೇಳಿ, ಕಂಠಸ್ಥ ಮಾಡಿ, ಅರ್ಥಕ್ಕಾಗಿ ವರ್ಷಗಟ್ಟಲೆ ಕಾಯ್ದರು. ಮೊದಲು ಹಾಡು, ಬಳಿಕ ನಡೆ, ಕೊನೆಗೆ ಅರ್ಥ ಎಂಬ ಈ ಕ್ರಮವು ಗುಹ್ಯವಿದ್ಯೆಯ ಕ್ರಮಕ್ಕೆ ತಿರುವುಮುರುವಾದುದು.

ಆಧುನಿಕರ ಕೈಗೆ ಇಂದು ಹರ್ಮೀಸನ ಹೆಸರಿನಲ್ಲಿ ಬಹುವಾಗಿ ಸಿಗುವುದು ಆ ಪ್ರಾಚೀನ ಸಂವಾದಗಳಲ್ಲ, ೧೯೦೮ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಪ್ರಕಟವಾದ 'ಕೈಬಾಲಿಯನ್' ಎಂಬ ಪುಸ್ತಕ. 'ಮೂವರು ದೀಕ್ಷಿತರು' ಎಂದು ಲೇಖಕನಾಮವಿದ್ದರೂ ಅದನ್ನು ಬರೆದವನು ವಿಲಿಯಂ ವಾಕರ್ ಅಟ್ಕಿನ್‌ಸನ್ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. 'ಯೋಗಿ ರಾಮಚರಕ' ಎಂಬ ಹೆಸರಿನಿಂದ ಯೋಗದ ಪುಸ್ತಕಗಳನ್ನು ಬರೆದವನೂ ಈತನೇ. ಮನೋಮಯತೆ, ಸಾದೃಶ್ಯ, ಸ್ಪಂದನ, ದ್ವಂದ್ವ, ಲಯ, ಕಾರ್ಯಕಾರಣ, ಸ್ತ್ರೀಪುಂಭಾವ ಎಂಬ ಏಳು ಸೂತ್ರಗಳನ್ನು ಅದು ಅಚ್ಚುಕಟ್ಟಾಗಿ ವಿವರಿಸುತ್ತದೆ. ಓದಲು ಸುಲಭ, ಕೆಲವು ಕಡೆ ಚಿಂತನೆಗೂ ಎಡೆಯುಂಟು. ಆದರೆ ಪ್ರಾಚೀನ ಸಂವಾದಗಳ ಪ್ರಾರ್ಥನೆ, ಕೃತಜ್ಞತೆ, ಕಣ್ಣೀರು ಇದರಲ್ಲಿಲ್ಲ. ದೇವರೆದುರು ನಿಂತ ಶಿಷ್ಯನ ಸ್ಥಾನದಲ್ಲಿ ನಿಯಮಗಳನ್ನು ಅರಿತು ಲೋಕವನ್ನು ತನ್ನ ಇಚ್ಛೆಗೆ ಬಾಗಿಸುವ ಯಜಮಾನನು ಬಂದು ಕುಳಿತಿದ್ದಾನೆ. ಗೋರಕ್ಷನ ವಜ್ರದೇಹವು ಹೊಸ ಉಡುಪು ತೊಟ್ಟಿದೆ, ಅಷ್ಟೆ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆ ನಾಡಿನಲ್ಲೆಲ್ಲ ಹೆಸರಾದುದು. ಸಾಮಾನ್ಯ ತಳಿಗಿಂತ ಅದಕ್ಕೆ ಹೆಚ್ಚು ಕಾಲ ಬೇಕು, ಹೆಚ್ಚು ನೀರು ಬೇಕು. ಬೆಳೆಗಾರನ ಆತುರಕ್ಕೆ ಅದು ಗೊನೆ ಹಾಕುವುದಿಲ್ಲ. ಅನುಭಾವದ ನುಡಿಯೂ ಇಂಥ ಬೆಳೆಯೇ. ಏಳು ಸೂತ್ರಗಳನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು; ಒಂದು ಬೆಡಗು ಒಂದು ಬಾಳನ್ನು ಕೇಳುತ್ತದೆ. ಕಮಲಾಪುರದ ರೈತನಿಗೆ ತಿಳಿದಿರುವ ಈ ಸಂಗತಿಯನ್ನು ಅಧ್ಯಾತ್ಮದ ಓದುಗನು ಮರೆಯಬಾರದು.

ಹರ್ಮೀಸನ ತತ್ತ್ವವು ಇಂದಿನ ಬಾಳಿಗೆ ಪ್ರಸ್ತುತವೇ ಎಂದು ಕೇಳಿದರೆ, ಪ್ರಾಚೀನ ಸಂವಾದಗಳ ಮಟ್ಟಿಗೆ ಹೌದೆನ್ನಬೇಕು. ಲೋಕವು ಜಡವಲ್ಲ, ಅರಿವು ವರಪ್ರಸಾದ, ದೋಷಗಳು ಒಂದೊಂದಾಗಿ ಕಳಚಬೇಕಾದವು ಎಂಬ ಅವುಗಳ ಬೋಧೆಗೆ ಶರಣರ ಅಂಗಳದಲ್ಲಿ ಸ್ವಾಗತವಿದೆ. ಆದರೆ ಅವುಗಳ ಮೌನವಿಧಿಯನ್ನು ತಂದು ವಚನದ ಬಾಗಿಲಿಗೆ ಬೀಗವಾಗಿ ಹಾಕುವ ವಿಮರ್ಶೆಯನ್ನು ಒಪ್ಪಲಾಗದು. ಬೆಡಗನ್ನು ಗುಪ್ತಸಂಕೇತವೆಂದು ಸಾರಿದೊಡನೆ ಅದನ್ನು ಬಿಡಿಸುವ ಹಕ್ಕು ಕೆಲವೇ ಪಂಡಿತರ ಪಾಲಾಗುತ್ತದೆ. ಏಕತಾರಿ ಹಿಡಿದ ಹಾಡುಗಾರನು ತಾನು ಹಾಡಿದ್ದರ ಅರ್ಥಕ್ಕೆ ತಾನೇ ಅನ್ಯನಾಗುತ್ತಾನೆ. ಸಾಹಿತ್ಯದ ವಿದ್ಯಾರ್ಥಿಯು ಟೀಕೆಗಳನ್ನು ಅವಶ್ಯವಾಗಿ ಓದಲಿ, ಹರ್ಮೀಸನನ್ನೂ ಓದಲಿ; ಅದರ ಜೊತೆಗೆ ಒಂದು ತತ್ತ್ವಪದದ ಭಜನೆಯಲ್ಲಿ ಬೆಳಗಿನವರೆಗೆ ಕುಳಿತು ಕೇಳಲಿ. ಪಂಡಿತನು ಬಿಡಿಸಿದ ಅರ್ಥವೂ ಪಾಮರನು ಬಾಳಿದ ಅರ್ಥವೂ ಒಂದನ್ನೊಂದು ತಿದ್ದುತ್ತ ಹೋಗುವಲ್ಲಿಯೇ ವಚನವಿಮರ್ಶೆಯ ಸಾರ್ಥಕ್ಯವಿದೆ.