ಕೊರತೆಯ ರಣಾಂಗಣ: ಸ್ಟಾರ್‌ಕ್ರಾಫ್ಟ್ ಮಿಷನ್ನುಗಳ ರಸಿಕರಿಗೊಂದು ಕೈಪಿಡಿ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬ್ಲಿಝಾರ್ಡ್ ಸಂಸ್ಥೆಯವರು 1998ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯಲ್ಲಿ ಹೊರತಂದ ಸ್ಟಾರ್‌ಕ್ರಾಫ್ಟ್ ಎಂಬ ಯುದ್ಧಕ್ರೀಡೆಯ ಕೀರ್ತಿಯೆಲ್ಲವೂ ಇಬ್ಬರು ಮನುಷ್ಯರು ಪರಸ್ಪರ ಸೆಣಸುವ ಪಂದ್ಯದ ಪಾಲಿಗೆ ಸಂದುಹೋಗಿದೆ. ದಕ್ಷಿಣ ಕೊರಿಯಾ ದೇಶದಲ್ಲಿ ಆ ಪಂದ್ಯಗಳು ಟೆಲಿವಿಷನ್ನಿನಲ್ಲಿ ಪ್ರಸಾರವಾಗಿ, ಆಟಗಾರರು ನಾಡಿನ ಜನಪ್ರಿಯ ವ್ಯಕ್ತಿಗಳಾಗಿ ಬೆಳೆದ ಮೇಲಂತೂ, ಅದೇ ಕ್ರೀಡೆಯೊಳಗೆ ಒಬ್ಬಂಟಿಯಾಗಿ ಆಡುವವನಿಗೆಂದು ಜೇಮ್ಸ್ ಫಿನ್ನಿ, ಕ್ರಿಸ್ ಮೆಟ್ಜೆನ್ ಮೊದಲಾದವರು ಹೆಣೆದಿಟ್ಟ ಮೂವತ್ತು ಮಿಷನ್ನುಗಳ ಕಥಾಮಾಲೆಯು ಕೇವಲ ಅಭ್ಯಾಸದ ಪಾಠವೆಂಬ ಉಪೇಕ್ಷೆಗೆ ಗುರಿಯಾಯಿತು. ಈ ಉಪೇಕ್ಷೆ ಅನ್ಯಾಯವೆಂದು ನಾನು ಭಾವಿಸುತ್ತೇನೆ. ಪಂದ್ಯದ ಸೊಗಸೇ ಬೇರೆ, ಮಿಷನ್ನಿನ ಸೊಗಸೇ ಬೇರೆ. ಪಂದ್ಯದಲ್ಲಿ ಉಭಯಪಕ್ಷಗಳಿಗೂ ಸಮಾನವಾದ ಆರಂಭವನ್ನಿತ್ತು, ಚತುರನಾರೆಂದು ಪರೀಕ್ಷಿಸುತ್ತಾರೆ. ಮಿಷನ್ನಿನಲ್ಲಿಯಾದರೋ ಆರಂಭವೇ ವಿಷಮ, ಮತ್ತು ಆ ವೈಷಮ್ಯವನ್ನು ಯಾರೋ ಒಬ್ಬ ಕರ್ತೃ ಬುದ್ಧಿಪೂರ್ವಕವಾಗಿ ರಚಿಸಿರುತ್ತಾನೆ. ಆದುದರಿಂದ ಮಿಷನ್ನನ್ನು ಗೆಲ್ಲುವುದಕ್ಕೆ ಮುನ್ನ ಓದಬೇಕು.

ಹೊಸಬರಿಗೆ ಸ್ಥೂಲವಾದ ಪರಿಚಯವಿಷ್ಟು ಸಾಕು. ಭೂಮಿಯಿಂದ ಬಹುದೂರಕ್ಕೆ ಗಡೀಪಾರಾದವರ ಸಂತತಿಯೆನಿಸಿದ ಟೆರನ್ನರು, ಹಿಂಡುಹಿಂಡಾಗಿ ಮುತ್ತುವ ಝರ್ಗ್ ಜೀವಿಗಳು, ಪ್ರಾಚೀನವೂ ಅಭಿಮಾನಧನವೂ ಆದ ಪ್ರೊಟಾಸ್ ಕುಲ ಎಂದು ಇಲ್ಲಿ ಮೂರು ಪಕ್ಷಗಳುಂಟು. ನೆಲದಿಂದ ನೀಲಿಯ ಖನಿಜವನ್ನೂ ಹಸುರಿನ ಅನಿಲವನ್ನೂ ಸಂಗ್ರಹಿಸಿ, ಅದರಿಂದ ಕಟ್ಟಡಗಳನ್ನೆಬ್ಬಿಸಿ, ಸೈನ್ಯವನ್ನು ಕೂಡಿಸಿ, ಶತ್ರುವಿನ ಮೇಲೆ ನಡೆಯುವುದು ಸಾಮಾನ್ಯ ಕ್ರಮ. ಚದುರಂಗದಲ್ಲಿರುವಂತೆ ಸರದಿಯೆಂಬುದಿಲ್ಲ, ನೀವು ಚಿಂತಾಮಗ್ನರಾಗಿ ಕುಳಿತರೆ ಶತ್ರುವು ಸೌಜನ್ಯದಿಂದ ಕಾಯುತ್ತ ನಿಲ್ಲುವುದಿಲ್ಲ. ಈ ಕಾರಣದಿಂದ ಖನಿಜಕ್ಕಿಂತಲೂ ಅನಿಲಕ್ಕಿಂತಲೂ ದುರ್ಲಭವಾದ ಸಂಪತ್ತು ಇಲ್ಲಿ ಆಟಗಾರನ ಅವಧಾನ. ಇನ್ನೊಂದು ಸಂಗತಿಯನ್ನು ಗಮನದಲ್ಲಿಡಬೇಕು: ಈ ಕ್ರೀಡೆಯ ಕಥಾಭಾಗದಲ್ಲಿ ಸುಲಭ, ಮಧ್ಯಮ, ಕಠಿನವೆಂಬ ಆಯ್ಕೆಯೇ ಇಲ್ಲ. ವೇಗವನ್ನು ಏಳು ದರ್ಜೆಗಳಲ್ಲಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು, ಅಷ್ಟೆ. ಕಷ್ಟವು ಮಾತ್ರ ಎಲ್ಲರಿಗೂ ಒಂದೇ.

ರಸಿಕನಾಗಬಯಸುವವನಿಗೆ ನಾನು ಹೇಳಬೇಕಾದ ಮುಖ್ಯವಾದ ಮಾತು ಇದು. ಕಠಿನವಾದ ಮಿಷನ್ನಿನೆದುರು ಕುಳಿತಾಗ, ಶತ್ರುವಿನ ಬಳಿ ಏನೇನಿದೆಯೆಂದು ಎಣಿಸುವುದಕ್ಕೆ ಮೊದಲು, ತನ್ನಿಂದ ಏನನ್ನು ಕಸಿದುಕೊಂಡಿದ್ದಾರೆಂದು ಕೇಳಿಕೊಳ್ಳಬೇಕು. ಆಟಗಾರನು ತನ್ನ ಸಹಜವಾದ ಹಕ್ಕೆಂದು ನಂಬಿಕೊಂಡಿದ್ದ ಒಂದು ಅನುಕೂಲವನ್ನು ಮೆಲ್ಲನೆ ತೆಗೆದಿರಿಸಿ, ಅದರ ಅಭಾವದಿಂದಲೇ ಅದರ ಬೆಲೆಯನ್ನು ತಿಳಿಯಪಡಿಸುವುದು ಒಳ್ಳೆಯ ಕರ್ತೃವಿನ ಲಕ್ಷಣ. ಕೆಲವೆಡೆ ಆಕ್ರಮಣದ ಅಧಿಕಾರವಿಲ್ಲ, ಕೆಲವೆಡೆ ಬೇಸ್ ಎಂಬ ನೆಲೆಯೇ ಇಲ್ಲ, ಕೆಲವೆಡೆ ಕಾಲವಿಲ್ಲ. ಒಂದೆಡೆಯಂತೂ ಜಯಕ್ಕೆ ಜಯದ ಅರ್ಥವೇ ಇಲ್ಲ.

ಟೆರನ್ ಕಥಾಭಾಗದ ಮೂರನೆಯ ಮಿಷನ್ನಾದ ‘ಡೆಸ್ಪರೇಟ್ ಅಲಯನ್ಸ್’ ಎಂಬುದನ್ನು ಸಾವಧಾನವಾಗಿ ನೋಡೋಣ. ಮಾರ್ ಸಾರಾ ಗ್ರಹವನ್ನು ಝರ್ಗ್‌ಗಳು ಮುತ್ತಿವೆ. ಕಾನ್ಫೆಡರಸಿಯೆಂಬ ಸರ್ಕಾರವು ತನ್ನ ಪ್ರಜೆಗಳನ್ನು ಕೈಬಿಟ್ಟಿದೆ. ಆ ಸರ್ಕಾರದ ದೃಷ್ಟಿಯಲ್ಲಿ ರಾಜದ್ರೋಹಿಯಾದ ಆರ್ಕ್ಟುರಸ್ ಮೆಂಗ್ಸ್ಕ್ ಎಂಬಾತನು ಜನರನ್ನು ಸಾಗಿಸುವುದಕ್ಕೆ ನೌಕೆಗಳನ್ನು ಕಳುಹಿಸುವೆನೆಂದು ಮಾತು ಕೊಟ್ಟಿದ್ದಾನೆ. ಅವು ಬರುವ ತನಕ 30 ನಿಮಿಷಗಳ ಕಾಲ ನೆಲೆಯನ್ನು ಉಳಿಸಿಕೊಳ್ಳಬೇಕು. ಪರದೆಯ ಮೇಲೆ ಗಡಿಯಾರವು ಹಿಮ್ಮುಖವಾಗಿ ಎಣಿಸತೊಡಗುತ್ತದೆ. ಗೆಲ್ಲಬೇಕಾದುದಿಲ್ಲ, ಉಳಿದರೆ ಸಾಕೆಂಬುದನ್ನು ಕೇಳಿ ಹೊಸಬನ ಮನಸ್ಸು ಹಗುರಾಗುವುದು ಸಹಜ. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಅವನಿಗೆ ತಿಳಿದುಬರುವುದೇನೆಂದರೆ, ಶತ್ರುವಿನ ಮನೆಯ ಮೇಲೆ ಬಿದ್ದು ಯುದ್ಧವನ್ನು ಮುಗಿಸುವ ಸ್ವಾತಂತ್ರ್ಯವು ಎಂತಹ ದೊಡ್ಡ ಸಮಾಧಾನವಾಗಿತ್ತೆಂಬುದು.

ಇಲ್ಲಿ ರಕ್ಷಣೆಯ ಆಧಾರ ಬಂಕರ್. ಅದರೊಳಗೆ ನಾಲ್ವರು ಮೆರೀನ್ ಸೈನಿಕರು ಅಡಗಿ ಗುಂಡು ಹಾರಿಸಬಲ್ಲರು. ಬಂಕರ್ ನಿಂತಿರುವವರೆಗೆ ಅವರ ಕೂದಲೂ ಕೊಂಕುವುದಿಲ್ಲ. ಗಣಿಯಲ್ಲಿ ದುಡಿಯುವ ಎಸ್‌ಸಿವಿ ಎಂಬ ಕೂಲಿಯಂತ್ರಗಳನ್ನು ಕರೆತಂದು ಬಂಕರಿನ ಹಿಂದೆ ನಿಲ್ಲಿಸಿದರೆ, ಅವು ಬಿದ್ದ ಏಟನ್ನು ಏಟಿನ ಬೆನ್ನಿಗೇ ದುರಸ್ತಿ ಮಾಡುತ್ತವೆ. ಉಪಾಯವು ಸರಳವಾಗಿ ತೋರುತ್ತದೆ. ಆದರೆ ದುರಸ್ತಿಗೆ ಬಂದ ಕೂಲಿಯು ಅಷ್ಟು ಹೊತ್ತು ಖನಿಜವನ್ನು ಹೊರುವುದಿಲ್ಲ; ಖನಿಜವು ಬಾರದಿದ್ದರೆ ಮುಂದಿನ ಬಂಕರ್ ಏಳುವುದಿಲ್ಲ; ಮುಂದಿನ ಬಂಕರ್ ಏಳದಿದ್ದರೆ ಇಂದಿನ ಬಂಕರಿಗೆ ಇನ್ನಷ್ಟು ದುರಸ್ತಿ ಬೇಕಾಗುತ್ತದೆ. ರಕ್ಷಣೆಯೂ ಅಭಿವೃದ್ಧಿಯೂ ಒಂದೇ ಕೈಯಿಂದ ಉಣ್ಣಬೇಕಾಗಿ ಬಂದ ಸಂಕಟ ಇದು. ಇದನ್ನು ಕಂಡುಕೊಂಡ ಮೇಲೆ ಇನ್ನೂ ಸೂಕ್ಷ್ಮವಾದ ಒಂದು ಅಂಶವು ಗೋಚರಿಸುತ್ತದೆ. ಮೊದಲ ಹತ್ತು ನಿಮಿಷಗಳಲ್ಲಿ ಒಬ್ಬ ಕೂಲಿಯ ಬೆಲೆ ಒಬ್ಬ ಸೈನಿಕನ ಬೆಲೆಗಿಂತ ಹೆಚ್ಚು, ಏಕೆಂದರೆ ಅವನು ಹೊರುವ ಖನಿಜದಿಂದ ಮುಂದೆ ಹಲವು ಸೈನಿಕರು ಆಗಬಲ್ಲರು. ಗಡಿಯಾರವು ಕಡೆಯ ನಿಮಿಷಗಳಿಗೆ ಇಳಿದಾಗ ಅವನು ತರುವ ಖನಿಜವು ಸೈನಿಕನಾಗಿ ಪರಿಣಮಿಸುವಷ್ಟು ಕಾಲವೇ ಉಳಿದಿರುವುದಿಲ್ಲ, ಆದುದರಿಂದ ಗಣಿಯನ್ನು ತ್ಯಜಿಸಿ ಎಲ್ಲರನ್ನೂ ಕೋಟೆಯ ಬಾಗಿಲಿಗೆ ಅಟ್ಟುವುದೇ ವಿವೇಕ. ಎಲ್ಲಿ ಈ ತಿರುವನ್ನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಅದು ಕೈಗೆ ಹತ್ತಿದ ಗಳಿಗೆಯಲ್ಲಿ, ಕಾಲವೆಂಬುದು ಕೇವಲ ಅವಧಿಯಾಗಿರದೆ ವಸ್ತುಗಳ ಮೌಲ್ಯವನ್ನು ಕ್ಷಣಕ್ಷಣವೂ ಬದಲಿಸುವ ಶಕ್ತಿಯೆಂಬ ಅರಿವು ಬೆರಳ ತುದಿಗಳಿಗೇ ಬರುತ್ತದೆ.

ಬೇಸನ್ನೇ ಕಸಿದುಕೊಂಡ ಮಿಷನ್ನುಗಳೂ ಉಂಟು. ‘ದಿ ಜೇಕಬ್ಸ್ ಇನ್‌ಸ್ಟಲೇಷನ್’ ಎಂಬುದರಲ್ಲಿ ಟೆರನ್ ಪಕ್ಷದ ರೇನರ್ ಎಂಬ ವೀರನು ಕೆಲವೇ ಸೈನಿಕರೊಡನೆ ಶತ್ರುವಿನ ಪ್ರಯೋಗಾಲಯದ ಓಣಿಗಳನ್ನು ಹೊಗುತ್ತಾನೆ. ಝರ್ಗ್ ಭಾಗದ ‘ದಿ ಅಮೆರಿಗೊ’ ಎಂಬುದರಲ್ಲಿ ಮೊದಲು ಟೆರನ್ ಯೋಧೆಯಾಗಿದ್ದು ಬಳಿಕ ಝರ್ಗ್‌ಗಳ ಪಾಲಾದ ಕೆರಿಗನ್ ತನ್ನ ಪೂರ್ವಜೀವನದ ದಾಖಲೆಗಳನ್ನು ಅರಸುತ್ತ ಒಂದು ಹಡಗಿನೊಳಗೆ ನಡೆಯುತ್ತಾಳೆ. ಗಣಿಯಿಲ್ಲ, ಕಾರ್ಖಾನೆಯಿಲ್ಲ, ಸತ್ತವನ ಸ್ಥಾನಕ್ಕೆ ಇನ್ನೊಬ್ಬನು ಹುಟ್ಟುವಂತಿಲ್ಲ. ಇವು ಅತಿ ಕಠಿನವೆಂದು ನಾನು ಹೇಳಲಾರೆ, ತಾಳ್ಮೆಯುಳ್ಳವನಿಗೆ ಸಾಧ್ಯವೇ. ಆದರೂ ಬೇರೆಡೆಯಲ್ಲಿ ನೂರರ ಲೆಕ್ಕದಲ್ಲಿ ಬಲಿಗೊಡುತ್ತಿದ್ದ ಮೆರೀನ್ ಸೈನಿಕನೊಬ್ಬನು ಇಲ್ಲಿ ಬಾಗಿಲ ಮರೆಯಲ್ಲಿ ಬಿದ್ದಾಗ ಕೈ ತಡೆಯುತ್ತದೆ.

ಇನ್ನು ‘ನ್ಯೂ ಗೆಟಿಸ್‌ಬರ್ಗ್’ ಎಂಬುದರ ವಿಚಾರ. ಆಟದ ಮರ್ಮವನ್ನು ಬಿಚ್ಚಿ ಹೇಳುವುದು ಸಲ್ಲದೆಂಬವರು ಈ ಪರಿಚ್ಛೇದವನ್ನು ದಾಟಿ ಹೋಗಬಹುದು. ಆದರೆ ಕರ್ಣನ ಜನ್ಮರಹಸ್ಯವನ್ನು ಬಲ್ಲವರೇ ಕರ್ಣನ ಕಥೆಯನ್ನು ಹೆಚ್ಚು ಸವಿಯುತ್ತಾರಲ್ಲವೆ? ಟಾರ್ಸೋನಿಸ್ ಗ್ರಹದ ಯುದ್ಧದಲ್ಲಿ, ಮೆಂಗ್ಸ್ಕನ ಆಜ್ಞೆಯಂತೆ, ಆಗಿನ್ನೂ ಟೆರನ್ ಪಕ್ಷದಲ್ಲಿದ್ದ ಕೆರಿಗನ್ನಳ ನಾಯಕತ್ವದಲ್ಲಿ ಪ್ರೊಟಾಸ್ ಸೈನ್ಯವನ್ನು ಮುರಿಯಬೇಕು, ಕೆರಿಗನ್ ಬದುಕಿರಬೇಕು. ಆಕೆ ಮಡಿದರೆ ಮಿಷನ್ ಅಲ್ಲಿಗೆ ಭಂಗ. ಆದುದರಿಂದ ಆಟಗಾರನು ಅವಳನ್ನು ಕಣ್ಣರೆಪ್ಪೆಯಂತೆ ಕಾಯುತ್ತ, ಅಪಾಯವಿದ್ದಲ್ಲಿ ಹಿಂದಕ್ಕೆ ಕರೆಯುತ್ತ, ಅಂತೂ ಕಾರ್ಯವನ್ನು ಸಾಧಿಸುತ್ತಾನೆ. ಸಾಧಿಸಿದ ಕೂಡಲೆ ಝರ್ಗ್‌ಗಳು ನಾಲ್ದೆಸೆಗಳಿಂದ ಮುತ್ತಿಕೊಳ್ಳುತ್ತವೆ. ಅವಳು ನೆರವಿಗಾಗಿ ಕರೆಯುತ್ತಾಳೆ. ಮೆಂಗ್ಸ್ಕನು ಅವಳನ್ನು ಅಲ್ಲಿಯೇ ಬಿಟ್ಟು ಪಡೆಯನ್ನು ಹೊರಡಿಸುತ್ತಾನೆ. ಪರದೆಯ ಮೇಲೆ ವಿಜಯವೆಂಬ ಬರಹ ಮೂಡುತ್ತದೆ. ಕಾದಂಬರಿಯಲ್ಲಿ ಓದಿದ್ದರೆ ಇದೊಂದು ವಿಶ್ವಾಸಘಾತದ ಪ್ರಸಂಗ, ಅಷ್ಟೆ. ಆದರೆ ಅವಳ ಪ್ರಾಣವನ್ನು ಗಂಟೆಯ ಪರ್ಯಂತ ಕಾದವನು ನಾನೇ, ಆ ವಿಜಯವನ್ನು ದೊರಕಿಸಿಕೊಟ್ಟವನೂ ನಾನೇ. ಕಷ್ಟವು ಕಡಮೆಯಾಗಿದ್ದು, ಅವಳನ್ನು ಕಾಯುವ ಶ್ರಮವು ಹಗುರವಾಗಿದ್ದಿದ್ದರೆ, ಈ ಕರುಣವು ಇಷ್ಟು ತೀಕ್ಷ್ಣವಾಗುತ್ತಿರಲಿಲ್ಲ. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣವನ್ನು ನಾನು ಇಲ್ಲಿ ಕಾಣುತ್ತೇನೆ. ಕಾಠಿನ್ಯವು ರಸಕ್ಕೆ ಅಂಗವಾಗಿ ಬಂದಿದೆ.

ಈ ಕಾಲದ ಆಟಗಳಿಗೆ ಒಗ್ಗಿದವರು ಸ್ಟಾರ್‌ಕ್ರಾಫ್ಟಿನ ಕೆಲವು ಕಟ್ಟುಗಳನ್ನು ಕಂಡು ಸಿಡಿಮಿಡಿಗೊಳ್ಳುತ್ತಾರೆ. ಒಮ್ಮೆಗೆ 12 ಯೋಧರಿಗೆ ಮಾತ್ರ ಆಜ್ಞೆ ಕೊಡಬಹುದು. ಒಂದೇ ಮೊಟ್ಟೆಯಿಂದ ಎರಡೆರಡಾಗಿ ಹೊರಬರುವ ಝರ್ಗ್ಲಿಂಗ್‌ಗಳ ದೊಡ್ಡ ದಂಡನ್ನು ನಡೆಸಬೇಕಾದರೆ ಅದನ್ನು ತುಕಡಿ ತುಕಡಿಯಾಗಿ ನಡೆಸಬೇಕು. ಷಟ್ಪದಿಯ ಕವಿಯು ಮಾತ್ರಾಗಣದ ಕಟ್ಟಿನ ಮೇಲೆ ಮುನಿದುಕೊಂಡದ್ದುಂಟೆ? ಹನ್ನೆರಡರ ಈ ಮಿತಿಯಿಂದಲೇ ದೊಡ್ಡ ಸೈನ್ಯವನ್ನು ಸಾಗಿಸುವುದೊಂದು ಕೌಶಲವಾಗಿದೆ. ಸೀಜ್ ಟ್ಯಾಂಕನ್ನು ನೋಡಿ: ನೆಲಕ್ಕೆ ಕಾಲೂರಿ ನಿಂತಾಗ ಅದರ ಗುಂಡು 12 ಅಂಕಣಗಳಷ್ಟು ದೂರ ಹೋಗುತ್ತದೆ, ಆದರೆ ಅದರ ಕಣ್ಣು ಕಾಣುವುದು 10 ಅಂಕಣಗಳನ್ನು ಮಾತ್ರ, ತೀರ ಹತ್ತಿರಕ್ಕೆ ಬಂದವನನ್ನು ಹೊಡೆಯಲಾರದು. ಅದರ ಪೂರ್ಣಬಲವು ಪ್ರಕಟವಾಗಬೇಕಾದರೆ ಮುಂದೆ ನೋಡುವುದಕ್ಕೊಬ್ಬನು ಬೇಕು, ಬಳಿಯಲ್ಲಿ ಕಾಯುವುದಕ್ಕೊಬ್ಬನು ಬೇಕು. ತಗ್ಗಿನಿಂದ ದಿನ್ನೆಯ ಮೇಲಿನವನಿಗೆ ಹಾರಿಸಿದ ಗುಂಡುಗಳಲ್ಲಿ ಸುಮಾರು ಅರ್ಧದಷ್ಟು ವ್ಯರ್ಥವಾಗುತ್ತವೆ. ಆದುದರಿಂದ ಒಂದು ಕಿರಿಯ ಏರು ಎಷ್ಟೋ ಸೈನಿಕರಿಗೆ ಸಮಾನ. ಭೂಪಟದ ಮೇಲೆ ಇಂತಹ ಏರುಗಳನ್ನು ಎಲ್ಲೆಲ್ಲಿ ಇಟ್ಟಿದ್ದಾರೆ, ಯಾರ ಪಾಲಿಗೆ ಇಟ್ಟಿದ್ದಾರೆ ಎಂಬುದನ್ನು ಗಮನಿಸುವ ಅಭ್ಯಾಸವಾದರೆ ಕರ್ತೃವಿನ ಮನಸ್ಸು ಅರ್ಧ ತಿಳಿದಂತೆಯೇ.

ದೋಷಗಳನ್ನೂ ಮುಚ್ಚಿಡಬಾರದು. ಗಣಕದ ಶತ್ರುವು ಮೊದಲೇ ಬರೆದಿಟ್ಟ ಕ್ರಮದಂತೆ ಅಲೆಅಲೆಯಾಗಿ ದಂಡನ್ನು ಕಳುಹಿಸುತ್ತಾನೆಯೇ ಹೊರತು, ನಿಮ್ಮ ವ್ಯೂಹವನ್ನು ಕಂಡು ಪಾಠ ಕಲಿಯುವುದಿಲ್ಲ. ಆದುದರಿಂದ ಬಾಗಿಲಲ್ಲಿ ಬಂಕರುಗಳನ್ನೂ ಟ್ಯಾಂಕುಗಳನ್ನೂ ಸಾಲಾಗಿ ಹೂಡಿ, ಒಳಗೆ ಕುಳಿತು ಬ್ಯಾಟಲ್‌ಕ್ರೂಸರ್ ಹಡಗುಗಳ ಪಡೆಯನ್ನೇ ಕಟ್ಟಿ, ಕಡೆಗೊಮ್ಮೆ ಹೊರಟರೆ ಅನೇಕ ಮಿಷನ್ನುಗಳು ಶರಣಾಗುತ್ತವೆ. ಇದು ಗೆಲುವೇ ಸರಿ. ಆದರೆ ಇದರಲ್ಲಿ ರಸವು ಬಹಳ ತೆಳು. ಶತ್ರುವಿನ ಕೋಟೆಗಳನ್ನು ಒಂದರ ಪಕ್ಕಕ್ಕೊಂದು ಪೇರಿಸಿದ್ದನ್ನೇ ಕಾಠಿನ್ಯವೆಂದು ಭ್ರಮಿಸಿದ ಮಿಷನ್ನುಗಳು ಕೊನೆಕೊನೆಗೆ ಕೆಲವಿವೆ. ಅವು ಆಟಗಾರನ ಬುದ್ಧಿಗಿಂತ ಸಂಜೆಯನ್ನು ಹೆಚ್ಚಾಗಿ ಕಬಳಿಸುತ್ತವೆ. ಕರ್ತೃಗಳಿಗೂ ಇದರ ಅರಿವಿದ್ದಿರಬೇಕು. ‘ದಿ ಇನ್‌ವೇಷನ್ ಆಫ್ ಐಯರ್’ ಎಂಬಲ್ಲಿ ಸ್ಫಟಿಕವೊಂದರ ಬಳಿ 10 ನಿಮಿಷ ನಿಲ್ಲಬೇಕೆಂದೂ, ಮುಂದೆ ಹೇಳಲಿರುವ ‘ಬ್ರೂಡ್ ವಾರ್’ ಎಂಬ ಉತ್ತರಭಾಗದ ‘ಕೌಂಟ್‌ಡೌನ್’ ಎಂಬಲ್ಲಿ ದೇವಾಲಯವನ್ನು 15 ನಿಮಿಷ ಕಾಯಬೇಕೆಂದೂ ಗಡಿಯಾರವನ್ನು ತಂದಿರಿಸಿ ಈ ಸೋಮಾರಿತನಕ್ಕೆ ಅಂಕುಶ ಹಾಕಿದ್ದಾರೆ. ಅದೇ ಉತ್ತರಭಾಗದ ‘ದಿ ಕೆಲ್-ಮೋರಿಯನ್ ಕಂಬೈನ್’ ಎಂಬುದರ ಗುರಿ ಹತ್ತು ಸಾವಿರ ಖನಿಜವನ್ನು ಕೂಡಿಸುವುದು. ‘ಶೋ ಮಿ ದಿ ಮನಿ’ ಎಂಬ ಗುಪ್ತವಾಕ್ಯವನ್ನು ಟೈಪು ಮಾಡಿದರೆ ಆಟವು ಬಿಟ್ಟಿಯಾಗಿ ಕೊಡುವ ಖನಿಜವೂ ಸರಿಯಾಗಿ ಅಷ್ಟೆಯೇ! ಇಂತಹ ಗುಪ್ತವಾಕ್ಯಗಳ ವಿಷಯದಲ್ಲಿ ನನ್ನದು ಕಠೋರವಾದ ಮತವೇನಲ್ಲ. ಒಮ್ಮೆ ಪ್ರಾಮಾಣಿಕವಾಗಿ ಮುಗಿಸಿದ ಮೇಲೆ ವಿನೋದಕ್ಕಾಗಿ ಬಳಸಿದರೆ ಹಾನಿಯಿಲ್ಲ.

ಆಡುವ ರೀತಿಯ ಬಗ್ಗೆ ನಾಲ್ಕು ಮಾತು. ಪ್ರತಿ ಮಿಷನ್ನಿನ ಮುನ್ನ ಬರುವ ಸಂಭಾಷಣೆಯನ್ನು ದಾಟಿಸದೆ ಕೇಳಿರಿ. ಯಾವುದನ್ನು ಹೇಳದೆ ಬಿಟ್ಟರೆಂಬುದು ಬಹುಮಟ್ಟಿಗೆ ಅಲ್ಲಿಯೇ ತಿಳಿಯುತ್ತದೆ. ವೇಗವನ್ನು ಮೇಲಿನ ದರ್ಜೆಗೆ ಏರಿಸುವ ಹಟ ಬೇಡ. ನಡುವಣ ವೇಗದಲ್ಲಿ ಆಡಿದರೆ ಯಾರೂ ನಿಮ್ಮನ್ನು ಹೀಗಳೆಯುವುದಿಲ್ಲ. ಮೊದಲ ಸೋಲನ್ನು ಭೂಪಟದ ಪರಿಚಯಕ್ಕೆ ಕೊಟ್ಟ ದಕ್ಷಿಣೆಯೆಂದು ಎಣಿಸಿ, ಧಾರಾಳವಾಗಿ ಸೋಲಿರಿ. ಸೇವ್ ಮಾಡುವ ವಿಷಯದಲ್ಲಿ ಮಾತ್ರ ಸ್ವಲ್ಪ ನಿಯಮವಿರಲಿ: ಹೆಜ್ಜೆಹೆಜ್ಜೆಗೂ ಸೇವ್ ಮಾಡಿ, ಏಟು ಬಿದ್ದೊಡನೆ ಹಿಂದಿನ ಕ್ಷಣಕ್ಕೆ ಹಾರಿದರೆ, ಯುದ್ಧವು ಕಾರ್ಯಕಾರಣಗಳ ಸರಣಿಯಾಗಿರದೆ ಬಿಡಿಬಿಡಿಯಾದ ಅದೃಷ್ಟಗಳ ಮೊತ್ತವಾಗುತ್ತದೆ. ದೊಡ್ಡದೊಂದು ದಾಳಿಯನ್ನು ತಡೆದ ತರುವಾಯ ಒಮ್ಮೆ, ತಾನೇ ದಂಡೆತ್ತಿ ಹೊರಡುವ ಮುನ್ನ ಒಮ್ಮೆ ಸೇವ್ ಮಾಡಿದರೆ ಸಾಕಾದೀತು. ಬೇರೆಯವರು ಬರೆದಿಟ್ಟ ಪರಿಹಾರವನ್ನು ಓದುವುದಾದರೆ ಸ್ವಂತ ಉಪಾಯವೊಂದು ಸೋತ ಮೇಲೆ ಓದತಕ್ಕದ್ದು.

ಇಷ್ಟು ಪಳಗಿದವರು, 1998ರ ಕೊನೆಗೆ ಬಂದ ‘ಬ್ರೂಡ್ ವಾರ್’ ಎಂಬ ಉತ್ತರಭಾಗಕ್ಕೆ ಕೈಹಾಕಬಹುದು. ಅಲ್ಲಿನ ಝರ್ಗ್ ಕಥಾಭಾಗದ ಅಂತಿಮ ಮಿಷನ್ನಾದ ‘ಒಮೇಗಾ’ದಲ್ಲಿ ಕೆರಿಗನ್ನಳು ಆಟಗಾರನ ಒಡತಿ. ತನ್ನನ್ನು ತೊರೆದು ಹೋದ ಮೆಂಗ್ಸ್ಕನೂ, ಪ್ರೊಟಾಸರ ಅರ್ಟಾನಿಸನೂ, ಭೂಮಿಯಿಂದ ಬಂದ ಸೇನಾನಿ ಡುಗಾಲನೂ ಏಕಕಾಲದಲ್ಲಿ ಅವಳ ಮೇಲೆ ಎರಗುತ್ತಾರೆ. ಇಲ್ಲಿ ಕಸಿದುಕೊಂಡಿರುವುದು ಏಕಾಗ್ರತೆಯನ್ನು: ಒಂದು ದಿಕ್ಕಿಗೆ ಮುಖ ಮಾಡಿದಾಗ ಉಳಿದೆರಡು ದಿಕ್ಕುಗಳಿಗೆ ಬೆನ್ನು. ಮೂವರನ್ನೂ ಸರಿಸಮನಾಗಿ ತಡೆಯುತ್ತ ಕುಳಿತವನು ಮೆಲ್ಲಮೆಲ್ಲನೆ ಸವೆಯುತ್ತಾನೆ. ಒಬ್ಬನನ್ನು ಆರಿಸಿಕೊಂಡು, ಬೇಗನೆ, ಕೊಂಚ ಸಾಹಸದಿಂದಲೇ ನಿರ್ಮೂಲ ಮಾಡಿ, ಮೂರು ದಿಕ್ಕುಗಳನ್ನು ಎರಡಾಗಿಸುವುದು ಲೇಸೆಂದು ನನ್ನ ಅನುಭವ. ಮೊದಲು ಯಾರನ್ನೆಂಬುದು ಅವರವರ ಶೈಲಿಗೆ ಸೇರಿದ್ದು. ‘ಒಮೇಗಾ’ವನ್ನು ಹೊಗುವುದಕ್ಕೆ ಮುನ್ನ ಅದರ ಹಿಂದಿನ ‘ದಿ ರೆಕನಿಂಗ್’ ಎಂಬುದನ್ನು ಅವಸರವಾಗಿ ಆಡಿರಿ. ಗಡಿಯಾರದಲ್ಲಿ ಸಾಕಷ್ಟು ಕಾಲವು ಉಳಿದಿರುವಂತೆ ಅದನ್ನು ಮುಗಿಸಿದವರಿಗೆ ಮಾತ್ರ ‘ಡಾರ್ಕ್ ಒರಿಜಿನ್’ ಎಂಬ ಗುಪ್ತವಾದ ಮಿಷನ್ನೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ನೀವು ಅಲ್ಲಿಯ ತನಕ ಬೆನ್ನಟ್ಟುತ್ತಿದ್ದ ಪ್ರೊಟಾಸ್ ವೃದ್ಧ ಝೆರಟುಲನ ಪಕ್ಷವನ್ನೇ ವಹಿಸಿ ಆಡಬೇಕು. ಅವನು ಕಂಡದ್ದೇನೆಂಬುದನ್ನು, ಕರ್ಣನ ದೃಷ್ಟಾಂತವನ್ನು ಕೊಟ್ಟವನು ನಾನೇ ಆದರೂ, ಇಲ್ಲಿ ಬರೆಯುವುದಿಲ್ಲ.