ಕಡಲಿಗೆ ಬೆನ್ನು ಹಾಕಿದ ಪ್ರಬಂಧ

ನಮ್ಮ ಕರಾವಳಿಯ ಲಲಿತ ಪ್ರಬಂಧಕ್ಕೆ, ಅದರಲ್ಲಿಯೂ ವಾರಕ್ಕೊಮ್ಮೆ ಪತ್ರಿಕೆಯ ಅಂಕಣವಾಗಿ ಪ್ರಕಟವಾಗಿ ಅನಂತರ ಸಂಕಲನವಾಗಿ ಹೊರಬರುವ ಪ್ರಬಂಧಕ್ಕೆ, ಇಂದು ಸಲ್ಲುತ್ತಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದೆಂದು ನನ್ನ ನಂಬಿಕೆ. ಮುನ್ನುಡಿಗಳಲ್ಲಿ, ಬಿಡುಗಡೆಯ ಸಭೆಗಳಲ್ಲಿ ಅದರ ಲವಲವಿಕೆಯನ್ನೂ ಆತ್ಮೀಯತೆಯನ್ನೂ ಕಡಲತಡಿಯ ಸೊಗಡನ್ನೂ ಕೊಂಡಾಡುವ ವಾಡಿಕೆ ಬೇರೂರಿದೆ. ಆದರೆ ಅಂತಹ ಸಂಕಲನಗಳನ್ನು ಒಂದಾದ ಮೇಲೊಂದರಂತೆ ಓದುತ್ತ ಹೋದವರಿಗೆ, ಅವುಗಳಲ್ಲಿ ಕಡಲಿನ ಹೆಸರು ಎಷ್ಟು ಧಾರಾಳವಾಗಿ ಬರುತ್ತದೆಯೋ ಕಡಲು ಅಷ್ಟೇ ಅಪರೂಪವಾಗಿ ಕಾಣಿಸಿಕೊಳ್ಳುತ್ತದೆಂಬುದು ತಾನಾಗಿಯೇ ಮನದಟ್ಟಾಗದೆ ಇರದು.

ಗೊರೂರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಮೂರ್ತಿರಾಯರ ‘ಹಗಲುಗನಸುಗಳು’ ಇವುಗಳಿಂದ ಈ ಪ್ರಕಾರ ಕನ್ನಡದಲ್ಲಿ ನೆಲೆಗೊಂಡ ಬಗೆಯನ್ನು ಓದುಗರು ಬಲ್ಲರು. ಆ ಚರಿತ್ರೆಯನ್ನು ಇಲ್ಲಿ ಮತ್ತೆ ತೆರೆಯಬೇಕಾಗಿಲ್ಲ. ಕರಾವಳಿಯ ಅಂಕಣಕಾರರಲ್ಲಿ ಗುಣಗಳಿಲ್ಲವೆಂದೂ ನಾನು ಹೇಳುತ್ತಿಲ್ಲ. ಕುಂದಾಪುರದ ಮಾತಿನ ಬಿಗಿಯನ್ನು, ಆಟಿ ತಿಂಗಳ ಅಡುಗೆಯನ್ನು, ಪತ್ತನಾಜೆಯೊಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದಮೇಲೆ ಊರಿಗೆ ಕವಿಯುವ ಬೇಸರವನ್ನು, ಮಳೆಗಾಲದಲ್ಲಿ ಒಣಗಲೊಲ್ಲದ ಬಟ್ಟೆಯ ಗೋಳನ್ನು ಅವರು ನಗುನಗುತ್ತ ದಾಖಲಿಸಿದ್ದಾರೆ. ಮನೆಯೊಳಗಿನ ಬದುಕನ್ನು ಬಣ್ಣಿಸುವಾಗ ಅವರ ಕಣ್ಣು ಚುರುಕಾಗಿದೆ, ಕೈ ಹಗುರಾಗಿದೆ. ತೊಡಕು ಹುಟ್ಟುವುದು ಅವರು ಹೊಸ್ತಿಲು ದಾಟಿ ದಂಡೆಗೆ ಬಂದಾಗ.

ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಸಲ ಬರೆದೇ ಇರುವ ಪ್ರಬಂಧವೊಂದಿದೆ. ಸಂಜೆಯ ವಿಹಾರಕ್ಕೆಂದು ಹೋದ ಲೇಖಕನಿಗೆ ಇಳಿತದ ವೇಳೆಯ ಒದ್ದೆ ಮರಳಿನ ಮೇಲೆ ಪುಟ್ಟ ಏಡಿಗಳು ಬಿಡಿಸಿದ ಚಿತ್ತಾರ ಕಾಣಿಸುತ್ತದೆ. ಒಂದು ಬಿಲದಿಂದ ಸುತ್ತಲೂ ಚಾಚಿದ ಗೆರೆಗಳು, ಗೆರೆಗಳ ಅಂಚಿನಲ್ಲಿ ಮರಳಿನ ಗುಂಡುಗಳು. ಲೇಖಕ ಬೆರಗಾಗುತ್ತಾನೆ, ಅಷ್ಟರಲ್ಲಿ ತೆರೆಯೊಂದು ಬಂದು ಎಲ್ಲವನ್ನೂ ಅಳಿಸಿಹಾಕುತ್ತದೆ, ಕೊನೆಯ ಪರಿಚ್ಛೇದದಲ್ಲಿ ಏಡಿಯು ಮನುಷ್ಯನಾಗಿ, ತೆರೆಯು ಕಾಲವಾಗಿ, ಚಿತ್ತಾರವು ನಮ್ಮ ಕೀರ್ತಿ, ಸಂಪತ್ತು, ಅಹಂಕಾರಗಳಾಗಿ ಮಾರ್ಪಟ್ಟು, ಸಕಲವೂ ನಶ್ವರವೆಂಬ ನಿಟ್ಟುಸಿರಿನೊಂದಿಗೆ ಅಂಕಣ ಮುಗಿಯುತ್ತದೆ. ಈ ತಿರುವೇ ಈ ಬರವಣಿಗೆಯ ಸರ್ವಸ್ವವಾದುದರಿಂದ ಅದನ್ನು ನಿಧಾನವಾಗಿ ಪರೀಕ್ಷಿಸಬೇಕು.

ಮೊದಲನೆಯದಾಗಿ, ಏಡಿ ಚಿತ್ತಾರ ಬಿಡಿಸುತ್ತಿಲ್ಲ, ಅದು ಉಣ್ಣುತ್ತಿದೆ. ನೀರು ಹಿಂಜರಿದೊಡನೆ ಬಿಲದ ಬಾಯಿ ತೆರೆದು ಹೊರಬರುವ ಆ ಜೀವಿ ಮೇಲ್ಪದರದ ಮರಳನ್ನು ಚಿಮುಟಗಳಿಂದ ಬಾಚಿ ಬಾಯಿಗಿಟ್ಟು, ಕಣಗಳಿಗೆ ಅಂಟಿದ ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಸೋಸಿ ನುಂಗಿ, ಸಾರ ಹೋದ ಮರಳನ್ನು ಮೆಣಸಿನ ಕಾಳಿನಂತೆ ಉಂಡೆಗಟ್ಟಿ ಪಕ್ಕಕ್ಕೆ ಸರಿಸುತ್ತದೆ. ಬಿಲದಿಂದ ಹೊರಟು ಒಂದು ಸಾಲನ್ನು ಮೇಯ್ದು ಮುಗಿಸಿ ಹಿಂದಿರುಗಿ, ಮತ್ತೊಂದು ದಿಕ್ಕಿಗೆ ಮತ್ತೊಂದು ಸಾಲು ಹಿಡಿಯುತ್ತದೆ. ಅಪಾಯ ಕಂಡರೆ ಮರಳಲು ದಾರಿ ನೇರವಾಗಿರಬೇಕಲ್ಲವೆ? ಆದಕಾರಣವೇ ಗೆರೆಗಳು ಬಿಲದ ಸುತ್ತ ಕಿರಣಗಳಂತೆ ಹರಡುತ್ತವೆ. ಉಂಡೆ ಬಿದ್ದಿರುವ ಜಾಗವೆಂದರೆ ಆಗಲೇ ಮೇಯ್ದ ಜಾಗ. ನಮ್ಮ ಪ್ರಬಂಧಕಾರನಿಗೆ ಕಲೆಯಾಗಿ ತೋರಿದ್ದು ಹಸಿವಿನ ಲೆಕ್ಕಾಚಾರ.

ಎರಡನೆಯದಾಗಿ, ಮತ್ತು ಇದೇ ಮುಖ್ಯವಾದುದು, ತೆರೆ ಆ ಏಡಿಯಿಂದ ಏನನ್ನೂ ಕಸಿಯುತ್ತಿಲ್ಲ. ಉಬ್ಬರವೇರಿ ಬರುವ ಹೊತ್ತಿಗೆ ಅದು ಬಿಲ ಸೇರಿ ಬಾಯಿಯನ್ನು ಮರಳಿನಿಂದ ಮುಚ್ಚಿಕೊಂಡಿರುತ್ತದೆ. ಮೇಲೆ ಹರಿದ ನೀರು ಉಂಡೆಗಳನ್ನು ಕರಗಿಸಿ, ಮರಳನ್ನು ಸಮಮಾಡಿ, ಹೊಸ ಆಹಾರವನ್ನು ಹಾಸಿ, ಸುಮಾರು ಹನ್ನೆರಡೂವರೆ ಗಂಟೆಗಳಲ್ಲಿ ಸುತ್ತು ಪೂರೈಸಿ ಮತ್ತೆ ಇಳಿಯುತ್ತದೆ. ಯಾವುದನ್ನು ವಿನಾಶವೆಂದು ಲೇಖಕ ಹಲುಬಿದನೋ ಅದು ಏಡಿಯ ಪಾಲಿಗೆ ಗದ್ದೆ ಹದಮಾಡುವ ಕೆಲಸ. ತೆರೆ ಬಾರದೆ ಹೋದರೆ ಅದು ಹಸಿದು ಸಾಯುತ್ತದೆ. ಹೀಗಿರುವಾಗ ನಶ್ವರತೆಯ ಪ್ರವಚನಕ್ಕೆ ಈ ದೃಶ್ಯಕ್ಕಿಂತ ವಿಪರೀತವಾದ ನಿದರ್ಶನವನ್ನು ಹುಡುಕಿಯೂ ತರಲಾಗದು. ಉಪಮೆ ಸವೆದುಹೋಗಿದೆಯೆಂಬುದಷ್ಟೇ ನನ್ನ ಆಕ್ಷೇಪವಾಗಿದ್ದರೆ ಅದನ್ನು ರುಚಿಭೇದವೆಂದು ತಳ್ಳಿಹಾಕಬಹುದಿತ್ತು. ಉಪಮೆ ಸುಳ್ಳೆಂಬುದು ನನ್ನ ಆಕ್ಷೇಪ, ಮತ್ತು ಅರ್ಧ ತಾಸು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದವನು ಆ ಸುಳ್ಳನ್ನು ಬರೆಯಲಾರನೆಂಬುದು ಅದರ ಮುಂದುವರಿಕೆ. ವೈರಾಗ್ಯವನ್ನು ಮನೆಯಿಂದಲೇ ಹೊತ್ತು ತಂದು, ಅದನ್ನು ಇಳಿಸಲು ಒಂದು ಏಡಿಯನ್ನು ಹುಡುಕಿದ ಬರವಣಿಗೆ ಅದು.

ಇದೇ ಅಂಕಣಕಾರರು ಪ್ರತಿ ಜೂನಿನಲ್ಲಿ ದೂರದರ್ಶನ ವಾಹಿನಿಗಳ ವರದಿಗಾರರನ್ನು ಪರಿಹಾಸ ಮಾಡುತ್ತಾರೆ. ಉಳ್ಳಾಲದಲ್ಲಿ ಕಡಲಿಗೆ ಬೆನ್ನು ಹಾಕಿ, ಕ್ಯಾಮೆರಾಕ್ಕೆ ಮುಖ ಕೊಟ್ಟು, ಅಬ್ಬರ, ರುದ್ರನರ್ತನ ಮೊದಲಾದ ಪದಗಳನ್ನು ಎರಚುವ ಆ ತರುಣರ ಚಿತ್ರ ನಗು ತರಿಸುವಂತಹುದೇ. ಆದರೆ ಪ್ರಬಂಧ ನಿಂತ ಭಂಗಿಯೂ ಅದೇ ಅಲ್ಲವೆ? ಮುಂಗಾರಿನ ಕಡಿದಾದ ತೆರೆಗಳು ದಂಡೆಯ ಮರಳನ್ನು ಕಿತ್ತು ತುಸು ದೂರದಲ್ಲಿ ನೀರಿನಡಿ ದಿಣ್ಣೆಯಾಗಿ ಒಟ್ಟುತ್ತವೆಂದೂ, ಮಳೆ ಕಳೆದಮೇಲೆ ಬರುವ ಸೌಮ್ಯವಾದ ತೆರೆಗಳು ಅದರ ಬಹುಭಾಗವನ್ನು ಮರಳಿ ತಂದು ಹಾಸುತ್ತವೆಂದೂ, ಎಲ್ಲಿ ಹಾಗೆ ಮರಳುವುದಿಲ್ಲವೋ ಅಲ್ಲಿ ಕಾರಣ ಹುಡುಕಬೇಕೆಂದೂ ದಂಡೆಯ ಮೊಗವೀರರಿಗೆ ಗೊತ್ತು. ವರದಿಗಾರನೂ ಅವರನ್ನು ಕೇಳಲಿಲ್ಲ, ಅವನನ್ನು ನೋಡಿ ನಕ್ಕ ಲೇಖಕನೂ ಕೇಳಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳನ್ನು ಕಡಲಿನ ರಜೆಯೆಂದು ಬಣ್ಣಿಸುವವರು, ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲವೆಂಬುದನ್ನು ಗಮನಿಸುವುದಿಲ್ಲ. ಮೀನು ಮಾರುವ ಹೆಂಗಸಿನೊಡನೆ ಬೂತಾಯಿಗಾಗಿ ನಡೆದ ಚೌಕಾಸಿಯನ್ನು ಒಂದೂವರೆ ಪುಟ ರಂಜಿಸುವ ಪ್ರಬಂಧ, ಮುಂಗಾರಿನ ಗಾಳಿ ಮೇಲಣ ನೀರನ್ನು ದೂರ ತಳ್ಳಿದಾಗ ಆಳದ ತಣ್ಣೀರು ಸತ್ತ್ವವನ್ನು ಹೊತ್ತು ಮೇಲೇಳುವುದನ್ನೂ, ಆ ಸತ್ತ್ವದಿಂದ ಬೆಳೆದ ಸೂಕ್ಷ್ಮಸಸ್ಯಗಳೇ ಬೂತಾಯಿಯ ಮೇವೆಂಬುದನ್ನೂ ಒಂದು ಸಾಲಿನಲ್ಲಿಯೂ ನೆನೆಯುವುದಿಲ್ಲ.

ಇಲ್ಲಿ ನಮ್ಮ ವಿಮರ್ಶಕರಲ್ಲಿ ಕೆಲವರು ನನ್ನನ್ನು ತಡೆಯುವರೆಂದು ಬಲ್ಲೆ. ಲಲಿತ ಪ್ರಬಂಧದ ವಸ್ತು ಲೇಖಕನ ಮನಸ್ಸೇ ಹೊರತು ಏಡಿಯಲ್ಲ. ಏಡಿ ಕೇವಲ ನಿಮಿತ್ತ. ಪ್ರಾಣಿಶಾಸ್ತ್ರ ಬೇಕಾದವರು ಕಾರಂತರ ‘ವಿಜ್ಞಾನ ಪ್ರಪಂಚ’ವನ್ನು ತೆರೆಯಲಿ ಎಂಬುದು ಅವರ ವಾದ. ಈ ವಾದದಿಂದ ಆಗಿರುವಷ್ಟು ಹಾನಿ ಈ ಪ್ರಕಾರಕ್ಕೆ ಬೇರಾವುದರಿಂದಲೂ ಆಗಿಲ್ಲ. ಮನಸ್ಸು ತನ್ನಷ್ಟಕ್ಕೆ ತಾನೇ ಪ್ರಕಟವಾಗುವುದಿಲ್ಲ. ಏನನ್ನು ಎಷ್ಟು ಹೊತ್ತು ನೋಡಿತು, ನೋಡಿದ್ದರಲ್ಲಿ ಯಾವುದನ್ನು ಆರಿಸಿಕೊಂಡಿತು ಎಂಬುದರಿಂದಲೇ ಅದು ನಮಗೆ ಪರಿಚಿತವಾಗುವುದು. ನಿಮಿತ್ತವನ್ನು ನೋಡದ ಲೇಖಕ ನಮಗೆ ತೋರುವ ಮನಸ್ಸು ಅವನದಲ್ಲ. ಎಲ್ಲರ ಬಾಯಲ್ಲಿ ಉರುಳಿ ಸವೆದ ಸಾಮಾನ್ಯೋಕ್ತಿ.

ಜ್ಞಾನದ ಭಾರದಿಂದ ಲಾಲಿತ್ಯ ನಲುಗುತ್ತದೆಂಬ ಭಯಕ್ಕಂತೂ ಕನ್ನಡದಲ್ಲಿ ಆಧಾರವೇ ಇಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕವೋ ನಗೆಯ ಪುಸ್ತಕವೋ ಎಂದು ಯಾರೂ ವಿಭಾಗಿಸಿ ಹೇಳಲಾರರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತುವ ಆ ಅಧ್ಯಾಪಕರ ಹಾಸ್ಯ ಗಿಡದ ಹೆಸರು, ಎಲೆ, ಹೂವುಗಳನ್ನು ಬಿಟ್ಟು ಬೇರೆಡೆ ಹುಟ್ಟುವುದಿಲ್ಲ. ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಾಗ ಮೇಲಿನ ವಾದ ಅಲ್ಲಿಗೇ ಮುಗಿಯಬೇಕಿತ್ತು. ಪಶ್ಚಿಮಘಟ್ಟದ ಕಾಡಿಗೆ ಸಿಕ್ಕ ಈ ಭಾಗ್ಯ ಘಟ್ಟದ ಕೆಳಗಣ ಕಡಲಿಗೆ ಇನ್ನೂ ಸಿಕ್ಕಿಲ್ಲವೆಂಬುದು, ನಮ್ಮ ಪ್ರಬಂಧ ಪರಂಪರೆಯಲ್ಲಿ ಯಾರೂ ಎತ್ತಿ ಹೇಳದ ದೊಡ್ಡ ಕೊರತೆ.

ಇನ್ನೊಂದು ಪಂಗಡದವರು ಈ ಪ್ರಕಾರವನ್ನೇ ಹರಟೆಯೆಂದು ಕಡೆಗಣಿಸಿ, ಹರಟೆಗೆ ಇಷ್ಟು ಕಠಿನವಾದ ಮಾನದಂಡವೇಕೆನ್ನುತ್ತಾರೆ. ಅವರಿಗೆ ಪಂಜೆ ಮಂಗೇಶರಾಯರನ್ನು ನೆನಪಿಸಬೇಕಾಗಿದೆ. ‘ಕವಿಶಿಷ್ಯ’ನೆಂಬ ಹೆಸರಿನಿಂದ ಮಕ್ಕಳ ಕವಿಯಾಗಿ ನಾಡಿಗೆಲ್ಲ ಪರಿಚಿತರಾದ ಪಂಜೆಯವರು ಹರಟೆಯನ್ನೂ ಬರೆದರು, ಆದರೆ ಅವರ ಗದ್ಯವನ್ನು ಓದುವವರು ಈಗ ವಿರಳ. ಶಾಲೆಗಳ ತನಿಖೆಗೆಂದು ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದ ಅವರ ಕಣ್ಣು ಎಂತಹುದೆಂಬುದಕ್ಕೆ ‘ತೆಂಕಣ ಗಾಳಿಯಾಟ’ವೆಂಬ ಕವಿತೆಯೊಂದೇ ಸಾಕು: ಅಲ್ಲಿ ಗಾಳಿಯ ಬಗ್ಗೆ ಉಪದೇಶವಿಲ್ಲ, ಗಾಳಿ ಏನೇನನ್ನು ಮಾಡಿತೆಂಬ ಕ್ರಿಯೆಗಳ ಸರಮಾಲೆಯಿದೆ, ಆ ಕ್ರಿಯೆಗಳ ಓಟದಿಂದಲೇ ಉಲ್ಲಾಸ ಉಕ್ಕುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಕೋಡಿಯಲ್ಲಿಯೂ ಹಾಗೆಯೇ, ಹೊಳೆ ಕಡಲುಗಳ ನಡುವಣ ಮರಳುನೆಲದಲ್ಲಿ ಪಾರೋತಿ ಸರಸೋತಿಯರಿಗೆ ಕಡಲು ತತ್ತ್ವವಲ್ಲ, ದಿನದಿನದ ದುಡಿಮೆಯ ನೆರೆ. ನೋಡುವ ಈ ಶಿಸ್ತು ಕರಾವಳಿಗೆ ಹೊರಗಿನಿಂದ ಬರಬೇಕಾದುದಲ್ಲ. ಅದು ಇಲ್ಲಿಯೇ ಇತ್ತು, ಅಂಕಣದ ಅವಸರದಲ್ಲಿ ಕೈಬಿಟ್ಟುಹೋಯಿತು.

ಆದ್ದರಿಂದ ಈ ಪ್ರಬಂಧಗಳನ್ನು ಅಳೆಯಲು ನಾನು ಒಂದೇ ಪ್ರಶ್ನೆಯನ್ನು ಸೂಚಿಸುತ್ತೇನೆ: ಇದನ್ನು ಓದಿದವನು ನಾಳೆ ದಂಡೆಗೆ ಹೋದರೆ, ಈವರೆಗೆ ಕಾಣದಿದ್ದ ಒಂದನ್ನಾದರೂ ಕಾಣುವನೆ? ಕಾಣುವನಾದರೆ ಆ ಬರಹ ಎಷ್ಟೇ ಕಿರಿದಾಗಲಿ, ಎಷ್ಟೇ ನಗೆಯಿಂದ ತುಂಬಿರಲಿ, ಸಾಹಿತ್ಯದಲ್ಲಿ ಅದಕ್ಕೆ ಸ್ಥಾನವುಂಟು. ಇಲ್ಲವಾದರೆ ಶೈಲಿಯ ನಯವಾಗಲಿ ಮುನ್ನುಡಿಯ ಪ್ರಶಂಸೆಯಾಗಲಿ ಅದನ್ನು ಉಳಿಸಲಾರದು. ಈ ಮಾನದಂಡದಿಂದ ಈಗಿನ ಸಂಕಲನಗಳಲ್ಲಿ ಬಹುಪಾಲು ಸೋಲುತ್ತವೆ. ಪ್ರಬಂಧಕಾರರು ತೀರ್ಮಾನವನ್ನು ಮನೆಯಲ್ಲಿಯೇ ಬಿಟ್ಟು ಹೊರಡಲಿ, ಸಂಪಾದಕರು ಕೊನೆಯ ಪರಿಚ್ಛೇದವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಲಿ. ಹಾಗೆ ಕತ್ತರಿಸಿದಮೇಲೂ ನಿಲ್ಲುವ ಪ್ರಬಂಧಗಳಿಂದಲೇ ಕರಾವಳಿಯ ‘ಹಸುರು ಹೊನ್ನು’ ಹುಟ್ಟಬೇಕಾಗಿದೆ.