ಮಳೆಯ ಕಥೆ ಇದೆ, ನಲ್ಲಿಯ ಕಥೆ ಎಲ್ಲಿ?

ಎಂಟೆಕ್ ಮುಗಿಸಿ ಮುಂಬಯಿಗೆ ಬಂದ ಮೊದಲ ನಾಲ್ಕು ವರ್ಷ ನಾನಿದ್ದದ್ದು ಗ್ರಾಂಟ್ ರೋಡಿನಲ್ಲಿ. ಸ್ಟೇಷನ್ನಿನ ಪೂರ್ವಕ್ಕೆ, ಲ್ಯಾಮಿಂಗ್ಟನ್ ರೋಡಿನ ಒಳಗಲ್ಲಿಯ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ ಅತ್ತೆಯ ಮನೆ. ಕೆಳಗಿಳಿದರೆ ಅಂಗಡಿಗಳ ತುಂಬ ರ್‍ಯಾಮು, ಹಾರ್ಡ್ ಡಿಸ್ಕು, ಮದರ್‌ಬೋರ್ಡು. ಮೇಲೆ ಬಂದರೆ ಹಂಡೆ, ಡ್ರಮ್ಮು, ಕೊಡ, ಖಾಲಿ ಎಣ್ಣೆ ಡಬ್ಬ. ನೀರು ಬರುತ್ತಿದ್ದುದು ಬೆಳಗಿನ ಜಾವ ನಾಲ್ಕೂವರೆಗೆ, ಸುಮಾರು ಒಂದು ಗಂಟೆ ಹೊತ್ತು. ಅದಕ್ಕೆ ಸ್ವಲ್ಪ ಮೊದಲು ನಲ್ಲಿ ಉಸಿರು ಬಿಟ್ಟಂತೆ ಶಬ್ದ ಮಾಡುತ್ತಿತ್ತು. ಅತ್ತೆ ಅಲಾರಂ ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ, ಆ ಉಸಿರಿಗೇ ಎದ್ದುಬಿಡುತ್ತಿದ್ದಳು.

ಇದೆಲ್ಲ ಮತ್ತೆ ನೆನಪಾದದ್ದು ನಿಖಿಲ್ ಆನಂದ್ ಅವರ 'ಹೈಡ್ರಾಲಿಕ್ ಸಿಟಿ' ಓದುವಾಗ. 2017ರಲ್ಲಿ ಬಂದ, ಮುಂಬಯಿಯ ನೀರಿನ ಬಗೆಗಿನ ಮಾನವಶಾಸ್ತ್ರದ ಪುಸ್ತಕ. ಜೋಗೇಶ್ವರಿಯ ಬಸ್ತಿಗಳ ಜನ ಒಂದೊಂದು ಪೈಪಿಗಾಗಿ ಕಾಗದಪತ್ರ, ಕಾರ್ಪೊರೇಟರು, ಇಂಜಿನಿಯರು, ಪ್ಲಂಬರು ಎಂದು ಅಲೆಯುತ್ತ ನಿಧಾನವಾಗಿ ಈ ಊರಿನವರಾಗುವುದನ್ನು ಅವರು ಬರೆಯುತ್ತಾರೆ. ಅವರ ಮಾತನ್ನು ಕನ್ನಡಕ್ಕೆ 'ನೀರಿನ ಪೌರತ್ವ' ಎಂದು ತರಬಹುದೇನೋ. ನನಗೆ ಪುಸ್ತಕದಲ್ಲಿ ಹೆಚ್ಚು ಇಷ್ಟವಾದವರು ಚಾವಿವಾಲಾಗಳು, ಅಂದರೆ ಉದ್ದನೆಯ ಚಾವಿ ಹಿಡಿದು ರಸ್ತೆಯಡಿಯ ವಾಲ್ವು ತಿರುಗಿಸುತ್ತ ಗಲ್ಲಿಯಿಂದ ಗಲ್ಲಿಗೆ ನೀರು ಬಿಡುವ ಪಾಲಿಕೆಯ ನೌಕರರು. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಎಲ್ಲಿಗೆ ನೀರು ಏರುತ್ತದೆ ಎಂಬುದು ಅವರ ಕೈಗೆ ಗೊತ್ತು. ಡಾಕ್ಯುಮೆಂಟೇಶನ್ ಇಲ್ಲದ ಹಳೆಯ ಸಿಸ್ಟಮ್ಮುಗಳನ್ನು ನಡೆಸಿದ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆ ಒಬ್ಬ ಮನುಷ್ಯ ರಜೆ ಹಾಕಿದರೆ ಇಡೀ ಪ್ರಾಜೆಕ್ಟು ನಿಲ್ಲುತ್ತದೆ. (ಲೀಸಾ ಬ್ಯೋರ್ಕ್‌ಮನ್ ಅವರ 2015ರ 'ಪೈಪ್ ಪಾಲಿಟಿಕ್ಸ್' ಕೂಡ ಇದೇ ಜಾಡಿನದು. ಅಲ್ಲಿನ ಊರು ಶಿವಾಜಿ ನಗರ, ಬೈಂಗನ್‌ವಾಡಿ.) ಪುಸ್ತಕದ ಭಾಷೆ ಮಾತ್ರ ಅಲ್ಲಲ್ಲಿ ಸಿದ್ಧಾಂತದ ಹೂಳು ತುಂಬಿದ ಪೈಪಿನಂತಿದೆ, ಒತ್ತಡ ಬೀಳುತ್ತದೆ.

ಓದಿ ಮುಗಿಸಿದಾಗ ಕಾಡಿದ ಪ್ರಶ್ನೆ ಆ ಪುಸ್ತಕದ್ದಲ್ಲ, ನಮ್ಮದು. ಮುಂಬಯಿಯ ಬಗ್ಗೆ ಇಷ್ಟು ಒಳ್ಳೆಯ ಕಥೆಗಳಿರುವ ಕನ್ನಡದಲ್ಲಿ ನಾಲ್ಕೂವರೆಯ ನಲ್ಲಿ ಯಾಕೆ ಇಷ್ಟು ಕಡಿಮೆ ಕಾಣಿಸುತ್ತದೆ? ನಾನು ಓದಿದ ಮಟ್ಟಿಗಿನ ಮಾತಿದು. ಜಯಂತ ಕಾಯ್ಕಿಣಿಯವರ ಕಥೆಗಳನ್ನೇ ತೆಗೆದುಕೊಳ್ಳಿ. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದ 'ನೋ ಪ್ರೆಸೆಂಟ್ಸ್ ಪ್ಲೀಸ್' ಸಂಕಲನದಲ್ಲಿ 'ವಾಟರ್' ಎಂದೇ ಒಂದು ಕಥೆಯಿದೆ. ಮಳೆಯಲ್ಲಿ ಸಿಕ್ಕಿಬಿದ್ದ ಟ್ಯಾಕ್ಸಿ, ಒಳಗೆ ಅಪರಿಚಿತರು, ಡ್ರೈವರು. ನೀರು ಏರಿದಂತೆ ಜನರ ನಡುವಿನ ಗೋಡೆ ಇಳಿಯುತ್ತದೆ. ಎಷ್ಟು ಸಲ ಓದಿದರೂ ಮನಸ್ಸು ಒದ್ದೆಯಾಗುವ ಕಥೆ. ಆದರೂ ಒಂದು ತಕರಾರು. ನಮ್ಮ ಮುಂಬಯಿ ಬರಹಗಳಿಗೆ ಮಳೆ ಪ್ರಿಯವಾಗುವುದು ಅದು ಎಲ್ಲರನ್ನೂ ಒಂದೇ ಸಲ ನೆನೆಸುತ್ತದೆ ಎಂಬ ಕಾರಣಕ್ಕೆ. ನಿಜವಾಗಿ ಮಳೆ ಹಾಗೆ ಮಾಡುವುದೂ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿಯಿತು, ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73. ರಜೆ ಹಾಕಿ ಮನೆಯಲ್ಲಿದ್ದ ನನಗೆ ಗ್ರಾಂಟ್ ರೋಡಿನಲ್ಲಿ ಅದೊಂದು ಸಾಧಾರಣ ಮಳೆಯ ದಿನ. ಕುರ್ಲಾದ ಸಹೋದ್ಯೋಗಿಯ ಫೋನು ಹತ್ತದಿದ್ದಾಗ ನೆಟ್‌ವರ್ಕನ್ನು ಬೈದಿದ್ದೆ.

ಅಂದು ಉಕ್ಕಿದ ಮಿಠಿ ನದಿ ಹುಟ್ಟುವುದು ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿಯಿಂದ. ವಿಹಾರ್ ಎಂದರೆ 1860ರಲ್ಲಿ ಈ ದ್ವೀಪಕ್ಕೆ ಮೊದಲ ಕೊಳವೆ ನೀರು ಕೊಟ್ಟ ಕೆರೆ. ಕುಡಿಸಿದ ಕೆರೆಯ ಕೋಡಿಯೇ ಮುಳುಗಿಸಿದ ಹೊಳೆ. ಇದಕ್ಕಿಂತ ದೊಡ್ಡ ಕಥಾವಸ್ತು ಬೇಕೆ?

ಅದಕ್ಕೂ ಹಿಂದಿನ ನೀರು ಗ್ರಾಂಟ್ ರೋಡಿನ ಸುತ್ತ ಬರೀ ಹೆಸರಾಗಿ ಉಳಿದಿದೆ. ಗೋವಾಲಿಯಾ ಟ್ಯಾಂಕ್, ಸಿ.ಪಿ. ಟ್ಯಾಂಕ್, ದೋ ಟಾಕಿ, ಧೋಬಿ ತಲಾವ್. ಗೋವಳರು ದನ ಮೀಯಿಸುತ್ತಿದ್ದ ಕೆರೆ ಮೈದಾನವಾಯಿತು, 1942ರ ಆಗಸ್ಟ್ 8ರಂದು 'ಭಾರತ ಬಿಟ್ಟು ತೊಲಗಿ' ಕರೆ ಮೊಳಗಿದ್ದು ಅಲ್ಲೇ. ಕೊಳವೆ ಬಂದ ಮೇಲೆ ಕೆರೆಗಳು ಕೊಳಕಾದವು, ಮುಚ್ಚಿದರು. 1911ರಲ್ಲಿ ಡಾಕ್ಟರ್ ಬೆಂಟ್ಲಿಯವರ ಮಲೇರಿಯಾ ವರದಿ ಬಾವಿಗಳತ್ತ ಬೆರಳು ತೋರಿಸಿದ ಮೇಲೆ ಬಾವಿಗಳ ಸರದಿ. ಸೊಳ್ಳೆಯ ಕಾರಣ ಸುಳ್ಳಲ್ಲ. ಆದರೆ ಅಂಗಳದ ನೀರು ಹೋಗಿ ನೂರು ಕಿಲೋಮೀಟರ್ ಆಚೆಯ ನೀರು ಬಂದ ಮೇಲೆ, ಅದು ಎಲ್ಲಿಂದ ಬರುತ್ತದೆ ಎಂದು ಕೇಳುವ ಅಭ್ಯಾಸವೇ ಹೋಯಿತು. ನಮ್ಮ ಚಾಳಿನ ಹುಡುಗರನ್ನು ಕೇಳಿದರೆ 'ಹ್ಯಾಂಗಿಂಗ್ ಗಾರ್ಡನ್ನಿಂದ' ಎನ್ನುತ್ತಿದ್ದರು. ತಪ್ಪೇನಲ್ಲ, ಮಲಬಾರ್ ಹಿಲ್‌ನ ಆ ಉದ್ಯಾನದ ಅಡಿಯಲ್ಲೇ ಜಲಾಶಯವಿದೆ. ಅದರ ಹಿಂದೆ ಭಾತ್ಸಾ, ತಾನ್ಸಾ, ವೈತರಣಾ ಎಲ್ಲ ಸೇರಿ ದಿನಕ್ಕೆ ಸುಮಾರು 385 ಕೋಟಿ ಲೀಟರ್. 1892ರ ತಾನ್ಸಾ ಇರುವುದು ಶಹಾಪುರ ತಾಲ್ಲೂಕಿನಲ್ಲಿ, ಭಾತ್ಸಾ ಕೂಡ ಅಲ್ಲೇ. ಅದೇ ತಾಲ್ಲೂಕಿನ ಪಾಡಾಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು.

ಈ ತುದಿಯ ನೋವು ಕನ್ನಡಕ್ಕೆ ಹೊಸದಲ್ಲ. ನಾ. ಡಿಸೋಜಾ ಶರಾವತಿಯ ಮುಳುಗಡೆಯನ್ನು ಜೀವಮಾನವಿಡೀ ಬರೆದರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಏರುವ ನೀರಿನ ನಡುವೆ ಮನೆ ಬಿಡದ ಸಂಸಾರವನ್ನು ಯಾರು ಮರೆತಾರು? ಲಿಂಗನಮಕ್ಕಿ ಕಟ್ಟಿದ್ದು ಕುಡಿಯುವ ನೀರಿಗಲ್ಲ, ಕರೆಂಟಿಗೆ ಎಂಬುದು ಬೇರೆ. ನನ್ನ ಮಾತು ಇಷ್ಟೆ: ಅಣೆಕಟ್ಟಿನ ಕಥೆ ಮಲೆನಾಡಿನ ಲೇಖಕರದು, ಮಳೆಯ ಕಥೆ ಮುಂಬಯಿಯವರದು ಎಂದು ನಾವು ಹಂಚಿಕೊಂಡಿದ್ದೇವೆ. ನಡುವಿನ ಪೈಪು ಯಾರದ್ದೂ ಅಲ್ಲ. 2019ರಲ್ಲಿ ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಮಲೆನಾಡು ಎದ್ದು ನಿಂತಿತು. ನಾವು ವಲಸಿಗರು ಇಲ್ಲಿಂದ ಬೆಂಬಲದ ಪೋಸ್ಟು ಹಾಕಿದೆವು, ನಾನೂ ಹಾಕಿದೆ. ಹಾಕುವಾಗ ಪಕ್ಕದ ಲೋಟದಲ್ಲಿ ಶಹಾಪುರದ ನೀರಿತ್ತು.

ಇಷ್ಟೆಲ್ಲ ಹೇಳುವ ನಾನು ಆ ಚಾಳಿನಲ್ಲಿ ಮಾಡಿದ್ದೇನು ಎಂಬುದನ್ನೂ ಹೇಳಬೇಕು. ಎರಡನೇ ವರ್ಷ ಮೂರನೇ ಮಾಳಿಗೆಗೆ ನೀರು ಏರದಾಯಿತು. ನಾನು ಮುಂದೆ ನಿಂತು ಎಕ್ಸೆಲ್ ಶೀಟು ಮಾಡಿ, ಖೋಲಿಗೆ ಇಷ್ಟು ಎಂದು ವಂತಿಗೆ ಎತ್ತಿ, ಲೈನಿಗೇ ಪಂಪು ಕೂಡಿಸಿದೆ. ಅದು ನಿಯಮಕ್ಕೆ ವಿರುದ್ಧ ಎಂಬುದು ನನಗೆ ಗೊತ್ತಿತ್ತು. ನಮಗೆ ನೀರು ಏರಿತು. ನೆಲಮಾಳಿಗೆಯ ಮೂಲೆಯಲ್ಲಿ ಚಪಾತಿ ಮಾಡಿ ಮಾರುತ್ತಿದ್ದ ಹೆಂಗಸು ವಂತಿಗೆ ಕೊಡಲಾಗದೆ ಹೊರಗುಳಿದಿದ್ದಳು, ಅವಳ ನಲ್ಲಿ ಗಾಳಿ ಎಳೆಯತೊಡಗಿತು. ನನ್ನ ಶೀಟಿನಲ್ಲಿ ಅವಳ ಮುಂದೆ 'ಎನ್.ಎ.' ಎಂದಿತ್ತು.

ಆ ಚಾಳು ಈಗಿಲ್ಲ, ರಿಡೆವಲಪ್‌ಮೆಂಟಿಗೆ ಹೋಗಿದೆ. ಅತ್ತೆ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಹೋದ ತಿಂಗಳು ಹೋದಾಗ ಚಾವಿವಾಲಾಗಳ ಪುಟಗಳನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. ಆ ಚಪಾತಿಯವಳ ವಿಷಯ ನಾನೇ ಎತ್ತಿದೆ, ಅವಳು ಆಮೇಲೆ ಏನು ಮಾಡಿದಳೋ ಎಂದು.

"ಏನ್ ಮಾಡ್ತಾಳೆ? ಪಂಪ್ ಬಂದ ಮೇಲೆ ದಿನಾ ಮೂರು ಕೊಡ ನಾನೇ ಇಳಿಸಿ ಕೊಡ್ತಿದ್ದೆ" ಎಂದಳು ಅತ್ತೆ. "ನಿಂಗೆ ಹೇಳ್ಲಿಲ್ಲ. ಹೇಳಿದ್ರೆ ಅದಕ್ಕೂ ಒಂದು ಶೀಟ್ ಮಾಡ್ತಿದ್ದೆ."